ಬಾವಿ ತೋಡುವವನ ಮನೆಯ ಸೆಲೆ

“ಗುರುಗಳೇ, ನನ್ನ ಮಗುವಿಗೆ ನಾಲ್ಕು ತಿಂಗಳು. ತಾಯಿಯ ಹಾಲು ಬತ್ತಿತು ಎಂದು ಅವ್ವ ಹೇಳುತ್ತಾಳೆ, ಅತ್ತಿಗೆ ಹೇಳುತ್ತಾಳೆ, ಓಣಿಯವರೆಲ್ಲ ಹೇಳುತ್ತಾರೆ. ಹಾಲು ಹೆಚ್ಚಲು ಒಂದು ತಾಯಿತ ಮಂತ್ರಿಸಿ ಕೊಡುವಿರಾ?” ಎಂದು ಬಸಲಿಂಗನೆಂಬ ಶಿಷ್ಯನು ಕೇಳಿದನು.

ಗುರುಗಳು ತಾಯಿತ ಕೊಡಲಿಲ್ಲ, ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದನು. ಹೊಸ ಬಾವಿಯಲ್ಲಿ ನೀರು ಸಾಲದೆಂದು ಯಾರಾದರೂ ದೂರಿದರೆ, ಸೇದುವುದನ್ನು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸೇದಿ, ಕೈಬಿಟ್ಟರೆ ಸೆಲೆಗೆ ಹೂಳು ಕಟ್ಟುತ್ತದೆ ಎಂದು ತಿಳಿಹೇಳುತ್ತಿದ್ದನು. ಅವನು ಹೇಳಿದಂತೆ ಸೇದಿದರೆ ನೀರು ಏರುತ್ತಿತ್ತು. ಸುತ್ತಲ ಊರುಗಳು ಅವನ ಮಾತನ್ನು ನಂಬಿದ್ದವು.

ಅವನಿಗೆ ಮಗುವಾಯಿತು. ಮೂರು ತಿಂಗಳು ಎಲ್ಲವೂ ಸರಿಯಾಗಿತ್ತು. ನಾಲ್ಕನೆಯ ತಿಂಗಳಲ್ಲಿ ಮಗು ಗಳಿಗೆಗೊಮ್ಮೆ ಅತ್ತು ಮೊಲೆ ಕೇಳತೊಡಗಿತು. ಮೊದಲು ಬಿಗಿದುಕೊಳ್ಳುತ್ತಿದ್ದ ತಾಯಿಯ ಎದೆ ಈಗ ಮೆತ್ತಗಾಗಿತ್ತು. ಅತ್ತೆ ಒತ್ತಿ ನೋಡಿ ತೀರ್ಪು ಕೊಟ್ಟಳು: “ಇದು ಬೇಸಿಗೆಯ ಹಳ್ಳ. ಕೂಸಿಗೆ ಮರಳು ನೆಕ್ಕಿಸುತ್ತೀಯೇನೇ?” ಮೇಕೆಯ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಲು ಆಜ್ಞೆಯಾಯಿತು.

ಸೊಸೆ ಗಂಡನ ಬಳಿ ಹೋದಳು. “ಕೂಸು ಬೆಳೆಯುತ್ತಿದೆ, ಹೆಚ್ಚು ಕೇಳುತ್ತಿದೆ. ಅದರ ಮೈ ಇಳಿದಿಲ್ಲ, ಬಟ್ಟೆ ಒದ್ದೆಯಾಗುವುದು ಕಡಿಮೆಯಾಗಿಲ್ಲ. ನಾಲ್ಕು ದಿನ ಕೇಳಿದಾಗಲೆಲ್ಲ ಕುಡಿಸಲು ಬಿಡಿ, ಹಾಲು ತಾನೇ ಏರುತ್ತದೆ” ಎಂದಳು.

ಅವನು ಅಂದು ಬೆಳಿಗ್ಗೆಯಷ್ಟೇ ಬೇರೊಬ್ಬರ ಬಾವಿಕಟ್ಟೆಯ ಮೇಲೆ ನಿಂತು ಇದೇ ಮಾತನ್ನು ಆಡಿ ಬಂದಿದ್ದನು. ಆದರೂ, “ಹೆಂಗಸರ ಸಂಗತಿ ನನಗೇನು ತಿಳಿಯುತ್ತದೆ? ಅವ್ವ ಹೇಳಿದಂತೆ ಮಾಡು” ಎಂದನು.

ಒಳಲೆಯ ಹಾಲಿನಿಂದ ಹೊಟ್ಟೆ ತುಂಬಿದ ಮಗು ಮೊಲೆ ಹಿಡಿಯುವುದನ್ನು ಕಡಿಮೆ ಮಾಡಿತು. ಹೀರುವವರಿಲ್ಲದ ಎದೆಯಲ್ಲಿ ಹಾಲು ನಿಜವಾಗಿಯೂ ಇಳಿಯಿತು. ಮನೆಯವರು ತಾವು ಮಾಡಿದ ಕೇಡನ್ನೇ ಅವಳ ವಿರುದ್ಧ ಸಾಕ್ಷಿಯಾಗಿ ಹಿಡಿದರು. ಬತ್ತಿದ ಎದೆಯವಳೆಂದು ಓಣಿಗೆಲ್ಲ ಸಾರಿದರು. ಮೇಕೆಯ ಹಾಲು ಮಗುವಿಗೆ ಒಗ್ಗಲಿಲ್ಲ, ಭೇದಿ ಹಿಡಿಯಿತು. ಆಗ ಬಾವಿ ತೋಡುವವನು ಜೋಯಿಸನನ್ನು ಕೇಳಿದನು. ನಾಟಿ ವೈದ್ಯನನ್ನು ಕೇಳಿದನು. ದೇವರ ಮುಂದೆ ಹೂವಿಟ್ಟು ಕೇಳಿದನು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

“ಮಗು ಉಳಿಯಿತೇ?” ಎಂದು ಬಸಲಿಂಗನು ಕೇಳಿದನು.

ಗುರುಗಳು ಹೇಳಿದರು: “ಅವ್ವ ಹೇಳಿದ್ದನ್ನು, ಅತ್ತಿಗೆ ಹೇಳಿದ್ದನ್ನು, ಓಣಿ ಹೇಳಿದ್ದನ್ನು ನನಗೆ ತಿಳಿಸಿದೆ, ನಿನ್ನ ಹೆಂಡತಿ ಏನು ಹೇಳಿದಳು?”