ತೊಂಬತ್ತು ಸೆಕೆಂಡಿನ ಕೌಂಟರು

ಹೇಳಬೇಕಾದ ಮಾತು ಒಂದಕ್ಕಿಂತ ಹೆಚ್ಚಿದ್ದರೆ ಇಂಚರ ಎಡಗೈಯ ಬೆರಳು ಮಡಚಿಕೊಂಡು ಬರುತ್ತಿದ್ದಳು. ಒಂದು ಮಾತಿಗೆ ಒಂದು ಬೆರಳು. ಮಾತು ಆಡಿದ ಮೇಲೆ ಆ ಬೆರಳನ್ನು ಬಿಡಿಸುತ್ತಿದ್ದಳು. ಹಾಗೆ ಮಾಡದಿದ್ದರೆ, ಎದುರಿಗಿದ್ದವರು ನಡುವೆ ಬಾಯಿ ಹಾಕಿದ ಕೂಡಲೇ 'ಹೌದು ಹೌದು' ಎಂದು ಉಳಿದದ್ದನ್ನು ನುಂಗಿಕೊಂಡು ಎದ್ದು ಬಂದುಬಿಡುವುದು ಅವಳ ಜಾಯಮಾನ. ಆ ದಿನ ಅವಳು ಮುಷ್ಟಿ ಬಿಗಿದುಕೊಂಡೇ ತುಂಗಮ್ಮನವರ ಅಡುಗೆ ಶಾಲೆಯ ಬಾಗಿಲಿಗೆ ಬಂದಳು.

ತುಂಗಮ್ಮನವರು ಮೂವತ್ತು ವರ್ಷದಿಂದ ಅಡುಗೆ ಹೇಳಿಕೊಡುತ್ತಿದ್ದರು. ಕಲಿಯಲು ಬಂದವರು ಅವರನ್ನು 'ಗುರುಗಳೇ' ಎಂದು ಕರೆಯುತ್ತಿದ್ದರು. ಅದು ತಮಾಷೆಗೆ ಹುಟ್ಟಿದ ಮಾತು. ಬರಬರುತ್ತ ಯಾರೂ ನಗಲಿಲ್ಲ.

"ಐದೂ ಬೆರಳು ಮಡಚಿದೀಯ. ಕೂತ್ಕೋ. ಇದು ನಿಂತು ಮುಗಿಸೋ ಮಾತಲ್ಲ," ಎಂದರು ತುಂಗಮ್ಮ.

ಇಂಚರ ಕುಳಿತಳು.

"ಗುರುಗಳೇ, ಮಾಲ್‌ನಲ್ಲಿ ಒಂದು ಸುಶಿ ಕೌಂಟರು ಹಾಕೋಣ ಅಂತಿದೀನಿ."

ಸುಶಿ ಏನೆಂದು ತುಂಗಮ್ಮನವರಿಗೆ ವಿವರಿಸಬೇಕಿರಲಿಲ್ಲ. ಅನ್ನಕ್ಕೆ ಹುಳಿ ಬೆರೆಸಿ, ಕಡಲಪಾಚಿಯ ಹಾಳೆಯ ಮೇಲೆ ಹರಡಿ, ಸೌತೆಕಾಯನ್ನೋ ಮೀನನ್ನೋ ಇಟ್ಟು, ಸುರುಳಿ ಸುತ್ತಿ ತುಂಡರಿಸುವ ಜಪಾನಿನ ತಿನಿಸನ್ನು ಅವರೇ ಒಮ್ಮೆ ತರಗತಿಯಲ್ಲಿ ಮಾಡಿ ತೋರಿಸಿದ್ದರು. ಅವರು ಕೇಳಿದ್ದು ಬೇರೆ.

"ಯಾರ ಹೆಸರಲ್ಲಿ?"

"ಕಂಪನಿ ಹೆಸರಲ್ಲಿ. ಫ್ರಾಂಚೈಸಿ."

ಅವಳು ಹೆಬ್ಬೆರಳು ಬಿಡಿಸಿದಳು. ಕಂಪನಿಯ ಹೆಸರು ಹಾಕಿಕೊಳ್ಳುವುದಕ್ಕೆ ಆರು ಲಕ್ಷ. ಬಿಟ್ಟು ಬಂದರೆ ಅದು ವಾಪಸು ಬರುವುದಿಲ್ಲ. ತೋರುಬೆರಳು ಬಿಡಿಸಿದಳು. ಗಾಜಿನ ತಂಪುಪೆಟ್ಟಿಗೆ, ಅನ್ನ ಮಾಡುವ ಯಂತ್ರ, ಬಿಲ್ ಹಾಕುವ ಮೆಷಿನ್ನು, ಎಲ್ಲವನ್ನೂ ಅವರು ಹೇಳಿದ ಕಡೆಯೇ ಕೊಳ್ಳಬೇಕು. ಮೂರನೆಯದು, ಅಕ್ಕಿ, ಹುಳಿ, ಪಾಚಿ ಹಾಳೆ ಅವರಿಂದಲೇ ಬರಬೇಕು. ನಾಲ್ಕನೆಯದು, ನೂರು ರೂಪಾಯಿ ವ್ಯಾಪಾರವಾದರೆ ಎಂಟು ರೂಪಾಯಿ ಅವರದು. ಕಿರುಬೆರಳು, ಹನ್ನೊಂದು ದಿನದ ತರಬೇತಿ. ಅದಕ್ಕೂ ಬೇರೆ ಶುಲ್ಕ, ಕೊನೆಯಲ್ಲಿ ಪರೀಕ್ಷೆ.

ಬೆರಳುಗಳು ಮುಗಿದವು. ಪ್ರಶ್ನೆ ಉಳಿದಿತ್ತು.

"ಆರು ವರ್ಷ ಬೇಕರೀಲಿ ದುಡಿದು ಕೂಡಿಟ್ಟಿದ್ದು ಪೂರ್ತಿ ಇದಕ್ಕೆ ಹೋಗತ್ತೆ ಗುರುಗಳೇ. ಸಂಜೆ ಐದಕ್ಕೆ ಕಂಪನಿಯವರು ಸಹಿಗೆ ಬರ್ತಾರೆ. ಇಷ್ಟೆಲ್ಲ ಕೊಟ್ಟ ಮೇಲೆ ಆ ಕೌಂಟರಲ್ಲಿ ನನ್ನದು ಅಂತ ಏನಿರತ್ತೆ?"

ತುಂಗಮ್ಮ ಅದಕ್ಕೆ ಒಂದು ಕತೆ ಹೇಳತೊಡಗಿದರು.

ಒಬ್ಬ ಹೆಂಗಸು ಇದ್ದಳು. ನೀನು ಹೇಳಿದ್ದನ್ನೆಲ್ಲ ಅವಳೂ ಕೊಟ್ಟಳು. ಹೆಸರಿಗೆ ಕೊಟ್ಟಳು, ಪೆಟ್ಟಿಗೆಗೆ ಕೊಟ್ಟಳು, ಅಕ್ಕಿಗೆ ಕೊಟ್ಟಳು. ಕೊಟ್ಟು ತರಬೇತಿಗೆ ಹೋದಳು.

ಮೊದಲನೆಯ ದಿನ ಅನ್ನ ಮಾಡಲು ಹೇಳಿದರು. ಅಗುಳಿಗೆ ಅಗುಳು ತಾಕದ ಹಾಗೆ, ಮಲ್ಲಿಗೆ ಹೂವಿನಂಥ ಅನ್ನ ಮಾಡಿಟ್ಟಳು. ಕಲಿಸುವವನು ಒಂದು ಹಿಡಿ ತೆಗೆದು ಹಿಸುಕಿದ. ಅದು ಉದುರಿತು. ಅವನು ಸೊನ್ನೆ ಹಾಕಿದ. ಅನ್ನ ಮುದ್ದೆಯಾಯಿತೆಂದು ಇಪ್ಪತ್ತು ವರ್ಷ ಅತ್ತೆಯಿಂದ ಬೈಸಿಕೊಂಡವಳು, ಅನ್ನ ಮುದ್ದೆಯಾಗಲಿಲ್ಲವೆಂದು ದುಡ್ಡು ಕೊಟ್ಟು ಬೈಸಿಕೊಂಡಳು.

ಅವಳು ವಾದ ಮಾಡಲಿಲ್ಲ. ಅಂಟಲಿ ಎಂದಳು. ಮರುದಿನ ಅಂಟಿಸಿದಳು.

ಎರಡನೆಯ ದಿನ ತಲೆಗೆ ಟೋಪಿ ಕೊಟ್ಟರು. ಹಾಕಿಕೊಂಡಳು. ಮೂರನೆಯ ದಿನ ಗಿರಾಕಿ ಬಂದ ಕೂಡಲೇ ಜಪಾನಿ ಭಾಷೆಯಲ್ಲಿ ಜೋರಾಗಿ ಸ್ವಾಗತ ಕೂಗಬೇಕೆಂದರು. ಅದರ ಅರ್ಥ ಕೇಳಿದಳು. ಅರ್ಥ ಪರೀಕ್ಷೆಗೆ ಬರುವುದಿಲ್ಲ ಎಂದರು. ಕೂಗಿದಳು. ಚಾಕು ಹೀಗೆ ಹಿಡಿ ಎಂದರೆ ಹಾಗೆ ಹಿಡಿದಳು. ಸುರುಳಿಯನ್ನು ಎಂಟು ತುಂಡು ಮಾಡು ಎಂದರೆ ಎಂಟೇ ಮಾಡಿದಳು.

ಹನ್ನೊಂದನೆಯ ದಿನ ಪರೀಕ್ಷೆ. ದುಡ್ಡು ಮುಟ್ಟಿದ ಮೇಲೆ ಅನ್ನ ಮುಟ್ಟುವ ಮೊದಲು ಏನು ಮಾಡಬೇಕು ಎಂದು ಒಂದು ಪ್ರಶ್ನೆ ಇತ್ತು. ಗ್ಲೌಸು ತೆಗೆಯಬೇಕು, ಕೈ ತೊಳೆಯಬೇಕು, ಹೊಸ ಗ್ಲೌಸು ಹಾಕಿಕೊಳ್ಳಬೇಕು ಎಂದು ಬರೆದಳು. ಕಂಪನಿಯ ಪುಸ್ತಕದಲ್ಲೂ ಹಾಗೇ ಇತ್ತು. ಹತ್ತಕ್ಕೆ ಹತ್ತು ಬಂತು.

ಆ ಉತ್ತರವನ್ನು ಅವಳು ಪುಸ್ತಕದಿಂದ ಕಲಿತಿರಲಿಲ್ಲ. ಅನ್ನ ಮುಟ್ಟಿದ ಕೈ ಮುಸುರೆ ಕೈ. ತೊಳೆಯದೆ ಆ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಬೂಸಲು ಬರುತ್ತದೆ. ಹಾಲು ಮುಟ್ಟುವ ಹಾಗಿಲ್ಲ. ಹೊರಗಿನದನ್ನು ಮುಟ್ಟಿ ಬಂದ ಕೈಯಲ್ಲಿ ಅನ್ನ ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ಇದು ಅವಳು ಏಳನೆಯ ವಯಸ್ಸಿನಲ್ಲಿ ಬೆನ್ನಿಗೆ ಗುದ್ದು ತಿಂದು ಕಲಿತದ್ದು. ಅದೊಂದು ವಿದ್ಯೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಕೌಂಟರು ತೆರೆಯಿತು. ಕಂಪನಿಯ ಲೆಕ್ಕದಲ್ಲಿ ಅಲ್ಲಿ ಒಬ್ಬಳೇ ಇರಬೇಕು. ಅನ್ನ ಹರಡುವವಳೂ ಅವಳೇ, ಸುತ್ತುವವಳೂ ಅವಳೇ, ದುಡ್ಡು ತೆಗೆದುಕೊಂಡು ಚಿಲ್ಲರೆ ಕೊಡುವವಳೂ ಅವಳೇ. ಒಬ್ಬ ಗಿರಾಕಿಗೆ ತೊಂಬತ್ತು ಸೆಕೆಂಡು. ಮೆಷಿನ್ನು ಅದನ್ನು ಎಣಿಸುತ್ತಿತ್ತು. ಕೈ ತೊಳೆಯುವ ನಲ್ಲಿ ಹಿಂದಿನ ಗೋಡೆಗೆ ಇತ್ತು. ಅವಳು ದುಡ್ಡು ಮುಟ್ಟಿದಾಗಲೆಲ್ಲ ಗ್ಲೌಸು ಕಿತ್ತು, ಹಿಂದೆ ಹೋಗಿ ಕೈ ತೊಳೆದು, ಒರೆಸಿಕೊಂಡು, ಹೊಸ ಗ್ಲೌಸು ಹಾಕಿಕೊಂಡು ಬರುತ್ತಿದ್ದಳು. ಒಬ್ಬರಿಗೆ ಎರಡೂವರೆ ನಿಮಿಷ ಹಿಡಿಯುತ್ತಿತ್ತು. ಕೈ ತೊಳೆಯುವುದು ಪುಸ್ತಕದಲ್ಲಿ ಇತ್ತು. ಗಡಿಯಾರದಲ್ಲಿ ಇರಲಿಲ್ಲ.

ಮೂರನೆಯ ತಿಂಗಳು ಕಂಪನಿಯ ಅಧಿಕಾರಿ ಬಂದ. ಬದಿಯಲ್ಲಿ ನಿಂತು ನೋಡಿದ.

"ಏನಮ್ಮ ಇದು? ಗ್ಲೌಸು ಹಾಕಿದೀರಲ್ಲ, ಮತ್ತೆ ಏನು ತೊಳೀತಾನೇ ಇರ್ತೀರಿ?"

"ಗ್ಲೌಸು ನನ್ನ ಕೈ ಕಾಯತ್ತೆ ಸಾರ್. ಅನ್ನಾನ ಕಾಯೋರು ಯಾರು?"

"ಓಹೋ. ನೀವು ಅನ್ನ ಕಾಯೋಕೆ ಬಂದಿದೀರೋ ಮಾರೋಕೆ ಬಂದಿದೀರೋ?"

"ನಿಮ್ಮ ಪುಸ್ತಕದಲ್ಲೇ ಇದೆ ಸಾರ್."

"ಪುಸ್ತಕದಲ್ಲಿ ಇರೋದನ್ನೆಲ್ಲ ಮಾಡ್ತಾ ಕೂತ್ರೆ ವ್ಯಾಪಾರ ಆಗತ್ತೇನಮ್ಮ? ಅದು ಇರಬೇಕು, ಇರತ್ತೆ."

"ಅದಕ್ಕೇ ಹತ್ತಕ್ಕೆ ಹತ್ತು ಕೊಟ್ರಲ್ಲ ಸಾರ್. ಕಮ್ಮಿ ಕೊಟ್ಟಿದ್ರೆ, ಇದು ಬರೆಯೋಕೆ ಮಾತ್ರ, ಮಾಡೋಕಲ್ಲ ಅಂತ ನಂಗೆ ಗೊತ್ತಾಗ್ತಿತ್ತು."

ಅಧಿಕಾರಿಗೆ ಸಿಟ್ಟು ಬಂತು. ಅವಳನ್ನು ಸರಿಸಿ ತಾನೇ ನಿಂತ. ಗ್ಲೌಸು ಹಾಕಿಕೊಂಡ. ಅನ್ನ ಹರಡಿದ, ಸುತ್ತಿದ, ಕತ್ತರಿಸಿದ. ಅದೇ ಕೈಯಲ್ಲಿ ನೋಟು ತೆಗೆದುಕೊಂಡ, ಚಿಲ್ಲರೆ ಕೊಟ್ಟ, ಮೆಷಿನ್ನು ಒತ್ತಿದ, ಗಲ್ಲ ಕೆರೆದುಕೊಂಡ. ಅದೇ ಕೈಯಲ್ಲಿ ಮುಂದಿನವರ ಅನ್ನಕ್ಕೆ ಕೈ ಹಾಕಿದ. ಎಂಬತ್ತೆಂಟು ಸೆಕೆಂಡು.

ಸಾಲಿನಲ್ಲಿ ನಿಂತವರಿಗೆ ಖುಷಿಯಾಯಿತು. ಒಬ್ಬ ಗಿರಾಕಿ, "ಅಮ್ಮಾ, ಸಾರ್ ಹತ್ರ ಸ್ವಲ್ಪ ಕಲಿತ್ಕೊಳ್ಳಿ," ಎಂದ. ಉಳಿದವರು ನಕ್ಕರು.

ಅವಳ ಪರವಾಗಿ ಅಲ್ಲಿ ಒಬ್ಬರೂ ಮಾತಾಡಲಿಲ್ಲ. ಇದನ್ನು ಗಮನವಿಟ್ಟು ಕೇಳಿಸಿಕೋ, ಇಂಚರ. ಒಬ್ಬರೂ ಮಾತಾಡಲಿಲ್ಲ.

ಅಧಿಕಾರಿ ಒಂದು ಕಾಗದ ತೆಗೆದ. ಇನ್ನು ಮುಂದೆ ತೊಂಬತ್ತು ಸೆಕೆಂಡು ಮೀರುವುದಿಲ್ಲವೆಂದು ಅದರಲ್ಲಿ ಬರೆದಿತ್ತು. ಸಹಿ ಹಾಕಿ ಎಂದ.

ಅವಳು ಓದಿದಳು. "ಆಗಲ್ಲ ಸಾರ್," ಎಂದಳು.

"ಬೋರ್ಡು ಇಳಿಸ್ತೀವಿ."

"ಇಳಿಸಿ."

"ಹೆಸರಿಗೆ ಕೊಟ್ಟ ದುಡ್ಡು ಬರಲ್ಲ."

"ಹೋಗಲಿ."

"ಈ ಊರಲ್ಲಿ ಎರಡು ವರ್ಷ ನೀವು ಸುಶಿ ಮಾರೋ ಹಾಗಿಲ್ಲ. ಕರಾರಲ್ಲಿ ಇದೆ."

"ಓದಿದೀನಿ. ಹೋಗಲಿ."

"ಇದಕ್ಕೆ ಅಹಂಕಾರ ಅಂತಾರೆ ಕಣಮ್ಮ."

"ಇರಬಹುದು ಸಾರ್. ಹನ್ನೊಂದು ದಿನ ದುಡ್ಡು ತಗೊಂಡು ನನ್ನ ತಿದ್ದಿದ್ರಿ. ಇದೊಂದು ನಿಮ್ಮ ಕೈಗೆ ಸಿಗಲಿಲ್ಲ."

ಹಾಗೆ ಹೇಳುವವರೆಗೆ ತನ್ನಲ್ಲಿ ಅಂಥದ್ದೊಂದು ಇದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅನ್ನ ಅಂಟಿಸು ಎಂದಾಗ ಬಗ್ಗಿದ್ದಳು. ಟೋಪಿಗೆ ಬಗ್ಗಿದ್ದಳು. ಅರ್ಥ ತಿಳಿಯದೆ ಕೂಗುವುದಕ್ಕೂ ಬಗ್ಗಿದ್ದಳು. ಬಗ್ಗುತ್ತ ಬಗ್ಗುತ್ತ ಹೋದವಳಿಗೆ ಒಂದು ಕಡೆ ಬೆನ್ನು ಬಗ್ಗಲಿಲ್ಲ.

ಸಾಲಿನಲ್ಲಿ ಇನ್ನೂ ಇಬ್ಬರಿದ್ದರು. ಅವಳು ಹಿಂದೆ ಹೋಗಿ ಕೈ ತೊಳೆದು ಬಂದು ಮೊದಲನೆಯವನಿಗೆ ಮಾಡಿಕೊಟ್ಟಳು. ಮತ್ತೆ ಹೋಗಿ ಕೈ ತೊಳೆದು ಬಂದು ಎರಡನೆಯವನಿಗೆ ಮಾಡಿಕೊಟ್ಟಳು. ಅಧಿಕಾರಿ ಕಾಯ್ದ. ಮರುದಿನ ಬೋರ್ಡು ಇಳಿಯಿತು.

ತುಂಗಮ್ಮ ನಿಲ್ಲಿಸಿದರು. ಕತೆ ಇನ್ನೂ ಇದೆಯೆಂದು ಇಂಚರ ಕಾದಳು. ಇರಲಿಲ್ಲ.

"ಆಮೇಲೆ ಅವಳು ಸ್ವಂತದ್ದು ಏನಾದ್ರೂ ತೆರೆದಳಾ ಗುರುಗಳೇ? ಜನ ಹುಡುಕ್ಕೊಂಡು ಬಂದ್ರಾ?"

"ನಂಗೊತ್ತಿಲ್ಲ."

"ಹಾಗಾದ್ರೆ ಅವಳು ಸೋತಳಲ್ಲ!"

"ಸೋತಳು. ಗೆದ್ದಳು ಅಂತ ನಾನೆಲ್ಲಿ ಅಂದೆ? ಗೆಲ್ಲೋದು ಹೇಗೆ ಅಂತ ನೀನು ಕೇಳಿದ್ರೆ ಬೇರೆ ಕತೆ ಹೇಳ್ತಿದ್ದೆ. ನಿನ್ನದು ಏನಿರತ್ತೆ ಅಂತ ಕೇಳಿದೆ."

ಗುರುಗಳು ಬೇಡ ಎಂದುಬಿಟ್ಟರೆ ಇಂಚರಳಿಗೆ ಸುಲಭ. ಹಾಕು ಎಂದುಬಿಟ್ಟರೂ ಸುಲಭ. ಅವಳು ಬಂದದ್ದೇ ಅದಕ್ಕೆ.

"ಅಂದ್ರೆ, ಸಹಿ ಹಾಕಬೇಡ ಅಂತೀರಾ?"

"ಅನ್ನಲಿಲ್ಲ."

"ಹಾಕು ಅಂತೀರಾ?"

"ಅದನ್ನೂ ಅನ್ನಲಿಲ್ಲ. ಅವರ ಹತ್ತಿರ ಕಲಿಯೋದು ಬೇಕಾದಷ್ಟಿದೆ. ಅನ್ನ ಅಂಟಿಸೋದೂ ಒಂದು ವಿದ್ಯೆ ಕಣೇ."

ಆಗ ಇಂಚರಳ ಫೋನು ಬಡಿದುಕೊಂಡಿತು. ಕಂಪನಿಯವರೇ. ದನಿ ತುಂಗಮ್ಮನವರಿಗೂ ಕೇಳಿಸುತ್ತಿತ್ತು. "ಮೇಡಂ, ಐದಕ್ಕೆ ಅಂದಿದ್ದೆ, ಈ ಕಡೆನೇ ಇದೀನಿ, ಮೂರಕ್ಕೇ ಬಂದುಬಿಡ್ಲಾ? ಪೇಪರ್ ಎಲ್ಲ ರೆಡಿ ಇದೆ. ಓದೋದೆಲ್ಲ ಏನೂ ಬೇಡ, ಎಲ್ಲರದ್ದೂ ಒಂದೇ ಥರ ಇರತ್ತೆ."

"ಆಯ್ತು ಸಾರ್," ಎಂದಳು ಇಂಚರ. "ಹೌದು ಹೌದು. ಬನ್ನಿ ಸಾರ್."

ಫೋನು ಕೆಳಗಿಟ್ಟಳು. ತುಂಗಮ್ಮ ಗೋಡೆಯ ಗಡಿಯಾರ ನೋಡಿದರು. ಎರಡೂ ಕಾಲು.

"ಮೂರಕ್ಕೆ ನೀನು ಎಲ್ಲಿರಬೇಕು?"

"ಬೇಕರೀಲಿ. ಮಧ್ಯಾಹ್ನದ ಬ್ರೆಡ್ಡು ಇಳಿಸಬೇಕು."

"ಕರಾರು ಓದಿದೀಯಾ?"

"ಸಂಜೆ ಒಳಗೆ ಓದೋಣ ಅಂತಿದ್ದೆ."

ಇಂಚರ ತಲೆ ತಗ್ಗಿಸಿದಳು. ತುಂಗಮ್ಮ ಬೈಯಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ ಕುಳಿತರು.

"ಸಹಿ ಹಾಕೋದು ಬಿಡೋದು ನಿನಗೆ ಬಿಟ್ಟದ್ದು ಮಗಳೇ, ಅದಕ್ಕೆ ಮೊದಲು 'ಆಗಲ್ಲ' ಅನ್ನೋ ಮಾತನ್ನ ಒಂದೇ ಒಂದು ಸಲ, ನನ್ನ ಮುಖ ನೋಡಿಕೊಂಡು, ನನಗೆ ಹೇಳು."