ಮೇಣದ ಗಂಟೆ

ಫೆಬ್ರವರಿ ಹನ್ನೆರಡು. ಬಿಸಿಲು ಚುರುಕಾಗಿತ್ತು, ಗಾಳಿಯ ಸುಳಿವಿರಲಿಲ್ಲ. ಕಂಚುಗಾರ ಮೋನಪ್ಪ ಮಣ್ಣಿನ ಅಚ್ಚನ್ನು ಒಡೆದು, ಇಗರ್ಜಿಗೆಂದು ಎರಕ ಹೊಯ್ದ ಹೊಸ ಗಂಟೆಯನ್ನು ಹೊರತೆಗೆದ. ನಾದ ಬಂದರೆ ಇಗರ್ಜಿಗೆ, ಬಾರದಿದ್ದರೆ ಮರಳಿ ಕುಲುಮೆಗೆ ಎಂದುಕೊಂಡು ಅದರ ನಾಲಗೆಯನ್ನು ತರಲು ಒಳಗೆ ಹೋದ.

ಗಂಟೆ ಮುಖ ಗಂಟಿಕ್ಕಿತು. "ಕುಲುಮೆಗಾದರೂ ಹಾಕಲಿ, ನಾನು ಬಾಯಿ ಬಿಡುವುದಿಲ್ಲ. ಹುಟ್ಟಿದ ಗಳಿಗೆಯಲ್ಲೇ ಸಾಯುವ ಸದ್ದಿಗಾಗಿ ಬದುಕೆಲ್ಲ ಪೆಟ್ಟು ತಿನ್ನಬೇಕೇ?"

ಪಕ್ಕದಲ್ಲಿ ಬಿದ್ದಿದ್ದ ಅಚ್ಚಿನ ಚೂರು ನಕ್ಕಿತು. "ಹುಟ್ಟಿ ಒಂದು ತಾಸಾಗಿಲ್ಲ, ಆಗಲೇ ವೈರಾಗ್ಯವೇ ತಮ್ಮಾ? ನಿನಗಿಂತ ಮೊದಲು ನನ್ನೊಳಗೆ ಮೇಣದ ಗಂಟೆಯೊಂದಿತ್ತು. ಅದರ ಆಯುಷ್ಯ ಮೂರೇ ದಿನ."

"ಮೇಣದ ಗಂಟೆಯೇ? ಅದನ್ನು ಬಾರಿಸಿದರೆ ಸೊಳ್ಳೆಗೂ ಕೇಳಿಸದು!"

"ಅದಕ್ಕೂ ಅದು ಗೊತ್ತಿತ್ತು. ಆದರೂ ಮೋನಪ್ಪ ಅಂಚು ತೀಡುವಾಗ, 'ಇನ್ನಷ್ಟು ತೆಳುವಾಗಲಿ, ನಾದ ದೂರ ಹೋಗಲಿ' ಎಂದು ಮೈಯೊಡ್ಡಿ ಕೂತಿತ್ತು. ನಿನ್ನ ಅಂಚನ್ನು ನೋಡಿಕೋ. ಅದರ ಮೇಲೆ ಮಣ್ಣು ಮೆತ್ತಿಯೇ ನನ್ನನ್ನು ಮಾಡಿದ್ದು; ನಿನ್ನ ಅಂಚು ಆ ಮೇಣದ ಗಂಟೆ ಕೊಟ್ಟದ್ದೇ."

ಗಂಟೆಗೆ ಮೈ ಜುಮ್ಮೆಂದಿತು. ತನ್ನ ಕೊರಳು ತನ್ನದೇ, ತನ್ನ ಅಂಚು ತನ್ನದೇ ಎಂದು ಅದು ನಂಬಿತ್ತು.

"ಎಲ್ಲಿದೆ ಅದು? ನಾನೀಗಲೇ ನೋಡಬೇಕು."

"ಹೇಗೆ ನೋಡುತ್ತೀ? ನೀನು ಬರಲು ನನ್ನೊಳಗೆ ಜಾಗ ಬೇಕಿತ್ತಲ್ಲ" ಎಂದಿತು ಚೂರು. "ಮೋನಪ್ಪ ನನ್ನನ್ನು ಬೆಂಕಿಯ ಮೇಲಿಟ್ಟ. ಒಂದು ಹನಿಯೂ ಉಳಿಯದ ಹಾಗೆ ಅದು ಕರಗಿ ಹರಿದುಹೋಯಿತು."

ಮೋನಪ್ಪ ನಾಲಗೆ ಹಿಡಿದು ಹೊರಬಂದಾಗ, ಗಂಟೆ ತಾನಾಗಿಯೇ ಮೊದಲ ಪೆಟ್ಟಿಗೆ ಮೈಯೊಡ್ಡಿತು.