ಎರಡು ವರ್ಷ ಕಾದವನು

ದಾವಣಗೆರೆಯ ಲಾರಿ ಆಫೀಸೊಂದರಲ್ಲಿ ಗುಮಾಸ್ತನ ಕೆಲಸ ಖಾಲಿ ಇತ್ತು. ಕೊಟ್ರೇಶಿ ಸಂದರ್ಶನಕ್ಕೆ ಬಂದು ಕೂತ. ಯಜಮಾನ ಚನ್ನವೀರಪ್ಪನವರು ಅವನ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು, ಸೀದ ರೊಟ್ಟಿ ನೋಡುವ ಹಾಗೆ ನೋಡಿದರು.

“ಡಿಗ್ರಿ ಮುಗಿದು ಎರಡು ವರ್ಷ ಆಯ್ತು. ಅಲ್ಲಿಂದ ಏನೂ ಇಲ್ಲವಲ್ಲಪ್ಪ. ಏನ್ ಮಾಡ್ತಿದ್ದೆ?”

“ಕಾಯ್ತಿದ್ದೆ ಯಜಮಾನ್ರೇ.”

“ಎರಡು ವರ್ಷಾನಾ? ಯಾವನಯ್ಯಾ ಅವನು, ನಿನ್ನನ್ನ ಅಷ್ಟು ದಿನ ಕಾಯಿಸಿದ ಬೇಜವಾಬ್ದಾರಿ ಮನುಷ್ಯ?”

“ಹಾಗನ್ನಬೇಡಿ, ಅವರು ದೊಡ್ಡವರು. ಇದೇ ಕುರ್ಚೀಲಿ ಕೂತು, ಟೀ ಕುಡೀತಾ, ‘ಹೋಗಿರಪ್ಪ, ಹೇಳಿ ಕಳಿಸ್ತೀವಿ’ ಅಂದಿದ್ದು ನೀವೇ.”

ಪಕ್ಕದಲ್ಲಿದ್ದ ಮ್ಯಾನೇಜರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಯಜಮಾನರು ಕನ್ನಡಕ ತೆಗೆದು ಒರೆಸಿದರು.

“ಹಾಗಂದ್ರೆ ಕೆಲಸ ಇಲ್ಲ ಅಂತ ಅರ್ಥ. ಅಷ್ಟೂ ಗೊತ್ತಾಗಲ್ವೇನಯ್ಯಾ?”

“ನಿಮ್ಮಂಥವರ ಮಾತನ್ನ ಸುಳ್ಳು ಅಂದ್ಕೊಳ್ಳೋಕೆ ಮನಸ್ಸು ಬರಲಿಲ್ಲ.”

ಯಜಮಾನರು ಅರ್ಜಿಯನ್ನು ಮಡಚಿ ಮೇಜಿನ ಮೇಲಿಟ್ಟರು. “ಆಯ್ತು, ಹೋಗಿರು. ಹೇಳಿ ಕಳಿ…” ಎಂದು ಅಭ್ಯಾಸದಂತೆ ಶುರುಮಾಡಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡರು.

ಕೊಟ್ರೇಶಿ ಏಳಲಿಲ್ಲ. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.

“ಈ ಸಲ ಇಲ್ಲೇ ಕಾಯ್ತೀನಿ ಬಿಡಿ ಯಜಮಾನ್ರೇ. ಮನೆಗೆ ಹೋದ್ರೆ, ಮುಂದಿನ ಸಂದರ್ಶನದಲ್ಲಿ ನಾಲ್ಕು ವರ್ಷದ್ದು ಕೇಳ್ತೀರಿ.”